ಸಭಾಕಂಪನ ಕಳೆಯಲು ತಾಳಮದ್ದಳೆ: ಹೊಸದಾಗಿ ಅರ್ಥ ಹೇಳಲು ಕುಳಿತುಕೊಳ್ಳುವವರಿಗೆ

ನಾಲ್ಕು ಜನರೆದುರು ಮಾತನಾಡಬೇಕೆಂದರೆ ನಾಲಗೆ ಒಣಗುವವರಿಗೆ ಸಾಮಾನ್ಯವಾಗಿ ಸಿಗುವ ಸಲಹೆ ಒಂದೇ: ಭಾಷಣ ಮಾಡಿ ಮಾಡಿ ಅಭ್ಯಾಸ ಮಾಡಿಕೊಳ್ಳಿ. ಸಲಹೆ ತಪ್ಪೇನಲ್ಲ. ಆದರೆ ಮಾತನಾಡಲು ಹೆದರುವವನಿಗೆ ಭಾಷಣದ ಅವಕಾಶ ಕೊಡುವವರು ಯಾರು, ಕೊಟ್ಟರೂ ವರ್ಷಕ್ಕೊಮ್ಮೆ ಸಿಗುವ ಆ ಐದು ನಿಮಿಷಗಳಲ್ಲಿ ಆಗುವ ಅಭ್ಯಾಸವೆಷ್ಟು ಎಂಬ ಪ್ರಶ್ನೆಗಳಿಗೆ ಅದರಲ್ಲಿ ಉತ್ತರವಿಲ್ಲ. ಕಾಸರಗೋಡಿನ ಕನ್ನಡಿಗರಿಗೆ ಇದಕ್ಕಿಂತ ಹತ್ತಿರದ ದಾರಿಯೊಂದು ಊರಿನಲ್ಲೇ ಇದೆ. ಹೊಸದೊಂದು ಹವ್ಯಾಸ ಬೇಕು ಎನ್ನುವವರೂ ಸಭೆಯ ಭಯ ಹೋಗಬೇಕು ಎನ್ನುವವರೂ ಒಂದೇ ಜಾಗದಲ್ಲಿ ಕುಳಿತು ಎರಡನ್ನೂ ಸಾಧಿಸಿಕೊಳ್ಳಬಹುದಾದ ಆ ದಾರಿ ತಾಳಮದ್ದಳೆ.

ಯಕ್ಷಗಾನದ ಪರಿಚಯವಿಲ್ಲದವರಿಗಾಗಿ ಎರಡು ಮಾತು. ತಾಳಮದ್ದಳೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪ್ರಸಂಗದ ಪದ್ಯ ಹಾಡುತ್ತಾರೆ, ಚೆಂಡೆ ಮದ್ದಳೆಗಳ ಹಿಮ್ಮೇಳವಿರುತ್ತದೆ, ಪಾತ್ರ ವಹಿಸಿದ ಅರ್ಥಧಾರಿಗಳು ಎದುರುಬದುರಾಗಿ ಕುಳಿತು ಆಯಾ ಪದ್ಯದ ಅರ್ಥವನ್ನು ತಮ್ಮದೇ ಮಾತಿನಲ್ಲಿ, ಆ ಪಾತ್ರವೇ ಆಗಿ, ಆಗಿಂದಾಗಲೇ ಕಟ್ಟಿ ಹೇಳುತ್ತಾರೆ. ಯಕ್ಷಗಾನ ಕವಿ ಪಾರ್ತಿಸುಬ್ಬನ ಊರೆಂದು ಹೆಸರಾದ ಕುಂಬಳೆ ಇರುವುದು ಇಲ್ಲಿ. ಅರ್ಥಗಾರಿಕೆಯಲ್ಲಿ ದೊಡ್ಡ ಹೆಸರಾದ ಶೇಣಿ ಗೋಪಾಲಕೃಷ್ಣ ಭಟ್ಟರು (1918–2006) ಈ ನೆಲದವರು. 1973ರ ಸುಪ್ರೀಂ ಕೋರ್ಟ್ ತೀರ್ಪಿನ ಮೂಲಕ ದೇಶಕ್ಕೆಲ್ಲ ಪರಿಚಿತರಾದ ಎಡನೀರು ಮಠದ ಕೇಶವಾನಂದ ಭಾರತೀ ಸ್ವಾಮೀಜಿಯವರು ಸ್ವತಃ ಭಾಗವತಿಕೆ ಮಾಡುತ್ತಿದ್ದರು ಎಂಬುದನ್ನು ಕಾನೂನಿನ ವಿದ್ಯಾರ್ಥಿಗಳಿಗಿಂತ ನಮ್ಮ ಊರಿನ ಹಿರಿಯರು ಚೆನ್ನಾಗಿ ಬಲ್ಲರು.

ಭಯದ ಸ್ವರೂಪ

ಸಭಾಕಂಪನವು ಅಂಜುಬುರುಕರಿಗೆ ಮಾತ್ರ ಬರುವಂಥದಲ್ಲ. ಹಲವು ಕಣ್ಣುಗಳು ಒಟ್ಟಿಗೆ ತನ್ನ ಮೇಲೆ ನೆಟ್ಟಿವೆ ಎಂದು ತಿಳಿದ ಕೂಡಲೇ ದೇಹವು ಅದನ್ನು ಅಪಾಯವೆಂದೇ ಎಣಿಸಿ ಅಡ್ರಿನಲಿನ್ ಸ್ರವಿಸುತ್ತದೆ. ಎದೆಬಡಿತ ಏರುತ್ತದೆ, ಉಸಿರು ಮೇಲೆಮೇಲೆ ಆಡುತ್ತದೆ, ಬಾಯಿ ಒಣಗುತ್ತದೆ, ಬೆರಳು ನಡುಗುತ್ತದೆ. ಹೆಚ್ಚಿನವರಲ್ಲಿ ಇದು ಮಾತು ಶುರುವಾಗುವ ಹೊತ್ತಿಗೆ ಜೋರಾಗಿದ್ದು ಕೆಲವು ನಿಮಿಷಗಳಲ್ಲಿ ತಾನಾಗಿ ಇಳಿಯುತ್ತದೆ. ಇಳಿಯುವವರೆಗೆ ಮಾತನ್ನು ನಿಲ್ಲಿಸದೆ ಇರುವುದಷ್ಟೇ ಮೊದಲ ದಿನಗಳ ಗುರಿಯಾಗಬೇಕು.

ಎದುರಿಗೆ ಕುಳಿತವರಿಗೆ ನಮ್ಮ ನಡುಕವೆಲ್ಲ ಕಾಣುತ್ತದೆ ಎಂಬ ಭಾವನೆಯೂ ಬಹುಮಟ್ಟಿಗೆ ಭ್ರಮೆ. ಕೆನೆತ್ ಸವಿಟ್ಸ್ಕಿ ಮತ್ತು ಥಾಮಸ್ ಗಿಲೊವಿಚ್ ಎಂಬ ಮನೋವಿಜ್ಞಾನಿಗಳು 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮಾತನಾಡುವವರು ತಮ್ಮ ಅಳುಕು ಕೇಳುಗರಿಗೆ ಎಷ್ಟು ಗೊತ್ತಾಗಿದೆ ಎಂದು ಎಣಿಸಿದ್ದರೋ ಅದಕ್ಕಿಂತ ಕಡಿಮೆ ಗೊತ್ತಾಗಿತ್ತು. ಈ ಸಂಗತಿಯನ್ನು ಯಾರಿಗೆ ಮೊದಲೇ ತಿಳಿಸಲಾಗಿತ್ತೋ ಅವರು ಉಳಿದವರಿಗಿಂತ ಚೆನ್ನಾಗಿ ಮಾತನಾಡಿದರು. ಆಲಿಸನ್ ವುಡ್ ಬ್ರೂಕ್ಸ್ 2014ರಲ್ಲಿ ತೋರಿಸಿದ ಇನ್ನೊಂದು ಸಂಗತಿಯೂ ಉಪಯುಕ್ತವಾದದ್ದು: ಬಡಿಯುವ ಎದೆಗೆ ‘ಶಾಂತವಾಗು’ ಎಂದು ಹೇಳಿಕೊಳ್ಳುವವರಿಗಿಂತ ‘ನನಗೆ ಹುರುಪು ಬಂದಿದೆ’ ಎಂದು ಹೇಳಿಕೊಳ್ಳುವವರ ಮಾತು ಉತ್ತಮವಾಗುತ್ತದೆ. ಚೆಂಡೆಯ ಪೆಟ್ಟು ಕಿವಿಗೆ ಬೀಳುತ್ತಿರುವಾಗ ಹೀಗೆ ಹೇಳಿಕೊಳ್ಳುವುದು ಸುಲಭವೂ ಹೌದು.

ನಮ್ಮ ಗಡಿನಾಡಿನಲ್ಲಿ ಈ ಭಯಕ್ಕೆ ಇನ್ನೊಂದು ಪದರವಿದೆ. ಮನೆಯಲ್ಲಿ ತುಳುವೋ ಹವ್ಯಕ ಕನ್ನಡವೋ ಕೊಂಕಣಿಯೋ ಮರಾಠಿಯೋ ಬ್ಯಾರಿಯೋ, ಕಚೇರಿಯಲ್ಲಿ ಮಲಯಾಳ, ಶಾಲೆಯ ಪಾಠದಲ್ಲಿ ಮಾತ್ರ ಪುಸ್ತಕದ ಕನ್ನಡ ಎಂಬಂತೆ ಬೆಳೆದವನಿಗೆ ವೇದಿಕೆಯಲ್ಲಿ ಆ ಪುಸ್ತಕದ ಕನ್ನಡ ನಡುವಿನಲ್ಲಿ ಕೈಕೊಟ್ಟರೆ ಏನು ಗತಿ ಎಂಬ ಹೆದರಿಕೆ ಒಳಗೊಳಗೇ ಇರುತ್ತದೆ. ಎಷ್ಟೋ ಮಂದಿ ಇದನ್ನು ಬಾಯಿಬಿಟ್ಟು ಹೇಳುವುದಿಲ್ಲ, ಗಂಟಲು ಸರಿಯಿಲ್ಲ ಎನ್ನುತ್ತಾರೆ.

ಭಯವು ಸಂದರ್ಶನ, ಪರೀಕ್ಷೆ, ಉದ್ಯೋಗಗಳನ್ನೇ ಬಿಟ್ಟುಬಿಡುವಷ್ಟು ತೀವ್ರವಾಗಿದ್ದರೆ ಹವ್ಯಾಸವೊಂದನ್ನೇ ನಂಬಿ ಕೂರಬಾರದು. ಮನೋವೈದ್ಯರು ಮತ್ತು ಆಪ್ತಸಮಾಲೋಚಕರು ಇದಕ್ಕೆ ಪರಿಣಾಮಕಾರಿಯಾದ ಚಿಕಿತ್ಸೆ ಕೊಡುತ್ತಾರೆ. ಸರಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಉಚಿತವಾಗಿ ಕರೆ ಮಾಡಬಹುದು.

ತಾಳಮದ್ದಳೆಯೇ ಏಕೆ

ಮೊದಲನೆಯದಾಗಿ ಇಲ್ಲಿ ಕುಳಿತು ಮಾತನಾಡುವುದು. ಮೊಣಕಾಲು ನಡುಗಿದರೂ ಯಾರಿಗೂ ಕಾಣದು. ಇದು ಸಣ್ಣ ಸಂಗತಿಯೆಂದು ನಿಂತು ನಡುಗಿದವರು ಯಾರೂ ಹೇಳಲಾರರು. ಎರಡನೆಯದಾಗಿ ಮಾತು ನಿಮ್ಮ ಹೆಸರಿನಲ್ಲಿಲ್ಲ. ಸುಗ್ರೀವನಾಗಿಯೋ ವಿದುರನಾಗಿಯೋ ಆಡಿದ ಮಾತು ತಪ್ಪಿದರೆ ತಪ್ಪಿದ್ದು ಅರ್ಥವೇ ಹೊರತು ನೀವಲ್ಲ ಎಂಬ ಧೈರ್ಯ ಬರುತ್ತದೆ. ಏನು ಮಾತನಾಡಲಿ ಎಂದು ತಡಕಾಡುವ ಪ್ರಸಂಗವೂ ಇಲ್ಲ, ಏಕೆಂದರೆ ಭಾಗವತರು ಆಗಷ್ಟೇ ಹಾಡಿ ನಿಲ್ಲಿಸಿದ ಪದ್ಯದಲ್ಲೇ ವಿಷಯವಿದೆ. ಎಲ್ಲಕ್ಕಿಂತ ಮುಖ್ಯವಾಗಿ ಇದು ಸಂಭಾಷಣೆ. ಭಾಷಣಕಾರನು ಮಾತು ಮರೆತರೆ ಮೌನವನ್ನು ತಾನೇ ತುಂಬಬೇಕು. ಅರ್ಥಧಾರಿ ಮರೆತರೆ ಎದುರು ಅರ್ಥಧಾರಿ ಒಂದು ಪ್ರಶ್ನೆ ಎಸೆಯುತ್ತಾನೆ, ಪ್ರಶ್ನೆಗೆ ಉತ್ತರಿಸುವುದು ಶೂನ್ಯದಿಂದ ಮಾತು ತೆಗೆಯುವುದಕ್ಕಿಂತ ಎಷ್ಟೋ ಹಗುರ.

ಪುರಾಣ ಕಥೆಗಳಲ್ಲಿ ಆಸಕ್ತಿಯೇ ಇಲ್ಲದವರು ಗ್ರಂಥಾಲಯದ ಓದುಗರ ಕೂಟದಿಂದಲೋ ಹವ್ಯಾಸಿ ನಾಟಕ ತಂಡದಿಂದಲೋ ಆರಂಭಿಸಬಹುದು. ಕಾವ್ಯದಲ್ಲಿ ಒಲವಿದ್ದು ಹಾಡುವ ಕಂಠ ಇಲ್ಲದವರಿಗೆ, ಒಬ್ಬರು ಕಾವ್ಯವನ್ನು ರಾಗವಾಗಿ ಓದಿ ಇನ್ನೊಬ್ಬರು ಅರ್ಥ ವಿವರಿಸುವ ಗಮಕದಲ್ಲಿ, ವ್ಯಾಖ್ಯಾನಕಾರರ ಸ್ಥಾನವಿದೆ. ಮುಂದೆ ಹೇಳುವ ತಯಾರಿಯ ಕ್ರಮ ಅವರಿಗೂ ಹೆಚ್ಚುಕಡಿಮೆ ಹೊಂದುತ್ತದೆ.

ಕೂಟವನ್ನು ಹುಡುಕುವುದು

ತುಳುವರ ಬೇಶ ತಿಂಗಳ ಹತ್ತನೆಯ ದಿನ, ಅಂದರೆ ಮೇ ಕೊನೆಯ ವಾರದಲ್ಲಿ ಬರುವ ಪತ್ತನಾಜೆಗೆ ಯಕ್ಷಗಾನ ಮೇಳಗಳ ತಿರುಗಾಟ ಮುಗಿದು ಗೆಜ್ಜೆ ಬಿಚ್ಚುತ್ತಾರೆ. ಅಲ್ಲಿಂದ ಮುಂದಿನ ಮಳೆಗಾಲವೇ ತಾಳಮದ್ದಳೆಯ ಕಾಲ, ಹೊಸಬರು ಸೇರಿಕೊಳ್ಳಲು ಒಳ್ಳೆಯ ಕಾಲವೂ ಅದೇ. ದೇವಸ್ಥಾನಗಳಲ್ಲಿ, ಭಜನಾ ಮಂದಿರಗಳಲ್ಲಿ, ಮನೆಗಳ ಚಾವಡಿಗಳಲ್ಲಿ ಕೂಟಗಳು ನಡೆಯುತ್ತವೆ. ದೇಲಂಪಾಡಿ ಬನಾರಿಯ ಗೋಪಾಲಕೃಷ್ಣ ಯಕ್ಷಗಾನ ಕಲಾಸಂಘದಂತಹ ಹಳೆಯ ಸಂಘಗಳಿವೆ, ಮಹಿಳೆಯರದೇ ತಂಡಗಳೂ ಇವೆ.

ಎಲ್ಲ ಕೂಟಗಳೂ ಹೊಸಬರಿಗೆ ತಕ್ಕವಲ್ಲ ಎಂಬುದನ್ನು ಮಾತ್ರ ಸ್ಪಷ್ಟವಾಗಿ ಹೇಳಬೇಕು. ಹೆಸರಾಂತ ಕಲಾವಿದರನ್ನು ಕರೆಸಿ ಮಾಡುವ ಕೂಟಕ್ಕೆ ಕೇಳುಗರಾಗಿ ಹೋಗಿ. ಅರ್ಥ ಹೇಳಲು ಬೇಕಾದದ್ದು ಸಂಘದವರೇ ಸೇರಿ ನಡೆಸುವ ವಾರದ ಕೂಟ ಅಥವಾ ಅಭ್ಯಾಸ ಕೂಟ. ಅಲ್ಲಿ ಕೂಡ ಎರಡು ಮೂರು ವಾರ ಸುಮ್ಮನೆ ಕುಳಿತು ನೋಡಿ. ಹೊಸಬನೊಬ್ಬ ತಡವರಿಸಿದಾಗ ಎದುರಿನವರು ಕೈಹಿಡಿದು ಎತ್ತುತ್ತಾರೋ, ಶಬ್ದ ಹಿಡಿದು ಕುಟ್ಟಿ ಚಪ್ಪಾಳೆ ಗಿಟ್ಟಿಸುತ್ತಾರೋ ಎಂಬುದು ಅಷ್ಟರಲ್ಲಿ ಗೊತ್ತಾಗುತ್ತದೆ. ಎರಡನೆಯ ಬಗೆಯ ಕೂಟ ಎಷ್ಟೇ ವಿದ್ವತ್ತಿನದಾಗಿದ್ದರೂ ಭಯ ಕಳೆಯಬೇಕಾದವನಿಗೆ ಅಲ್ಲಿ ಕೆಲಸವಿಲ್ಲ.

ಮನಸ್ಸಿಗೆ ಬಂದ ಕೂಟದಲ್ಲಿ ಭಾಗವತರನ್ನೋ ಸಂಘಟಕರನ್ನೋ ಕೂಟ ಮುಗಿದ ಮೇಲೆ ಕಂಡು, “ಭಾಗವತರೇ, ನನಗೆ ಅನುಭವ ಇಲ್ಲ, ಎರಡು ಪದ್ಯದ ಒಂದು ಸಣ್ಣ ಪಾತ್ರ ಕೊಡ್ತೀರಾ?” ಎಂದು ನೇರವಾಗಿ ಕೇಳಿ. ಬೇಡ ಎನ್ನುವವರು ಕಡಿಮೆ. ಕಿರಿಯರು ಬರುವುದಿಲ್ಲ ಎಂಬುದು ಬಹುತೇಕ ಸಂಘಗಳ ಕೊರಗು. ಖರ್ಚಿನ ಮಾತೇ ಇಲ್ಲ ಎನ್ನಬಹುದು, ಪ್ರಸಂಗದ ಪುಸ್ತಕವೊಂದಿದ್ದರೆ ಸಾಕು.

ಮೊದಲ ಪಾತ್ರದ ತಯಾರಿ

ಉದಾಹರಣೆಗೆ ವಾಲಿಯ ಕಥೆಯಲ್ಲಿ ತಾರೆಯ ಪಾತ್ರ ಸಿಕ್ಕಿತು ಎಂದುಕೊಳ್ಳೋಣ. ಗಂಡಸರು ಸ್ತ್ರೀಪಾತ್ರದ ಅರ್ಥ ಹೇಳುವುದೂ ಹೆಂಗಸರು ಪುರುಷಪಾತ್ರದ ಅರ್ಥ ಹೇಳುವುದೂ ತಾಳಮದ್ದಳೆಯಲ್ಲಿ ಸಹಜ. ಸುಗ್ರೀವನು ಎರಡನೆಯ ಸಲ ಬಂದು ಯುದ್ಧಕ್ಕೆ ಕರೆದಾಗ ಹೊರಟು ನಿಂತ ವಾಲಿಯನ್ನು ತಾರೆ ತಡೆಯುವ ಸಂದರ್ಭ ಅದು. ವಾಲ್ಮೀಕಿ ರಾಮಾಯಣದ ಕಿಷ್ಕಿಂಧಾಕಾಂಡದಲ್ಲಿ ಅವಳ ಮಾತನ್ನು ಓದಿದರೆ ಅದರ ಜೋಡಣೆ ಎಷ್ಟು ಚೊಕ್ಕವಾಗಿದೆ ಎಂದು ಆಶ್ಚರ್ಯವಾಗುತ್ತದೆ. ಪೆಟ್ಟು ತಿಂದು ಓಡಿದವನು ಕೂಡಲೇ ಮರಳಿ ಬಂದು ಗರ್ಜಿಸುತ್ತಿದ್ದಾನೆ ಎಂಬುದು ಅವಳು ಕಂಡ ಸಂಗತಿ. ಅವನಿಗೆ ಬಲವಾದ ಬೆಂಬಲ ಸಿಕ್ಕಿರಬೇಕು, ಅಯೋಧ್ಯೆಯ ರಾಜಕುಮಾರರಿಬ್ಬರು ಅವನ ಸ್ನೇಹ ಮಾಡಿದ್ದಾರೆ ಎಂದು ಚಾರರು ಅಂಗದನಿಗೆ ಹೇಳಿದ್ದಾರೆ ಎಂಬುದು ಅವಳು ತಿಳಿದ ಸಂಗತಿ. ಈಗ ಹೋಗಬೇಡ, ತಮ್ಮನೊಡನೆ ವೈರ ಬಿಟ್ಟು ಅವನನ್ನು ಯುವರಾಜನನ್ನಾಗಿ ಮಾಡು ಎಂಬುದು ಅವಳು ಕೇಳಿಕೊಳ್ಳುವ ಸಂಗತಿ.

ಕಂಡದ್ದು, ತಿಳಿದದ್ದು, ಕೇಳುವುದು: ಈ ಮೂರನ್ನು ಮಾತ್ರ ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಪೂರ್ತಿ ವಾಕ್ಯಗಳನ್ನು ಬರೆದು ಬಾಯಿಪಾಠ ಮಾಡಬೇಡಿ. ಹೊಸಬರು ಹೆಚ್ಚಾಗಿ ಎಡವುವುದು ಇಲ್ಲೇ. ಬಾಯಿಪಾಠದಲ್ಲಿ ಒಂದು ಪದ ತಪ್ಪಿದರೆ ಮುಂದಿನದೆಲ್ಲ ಕಡಿದುಹೋಗುತ್ತದೆ, ಅಂಶ ನೆನಪಿದ್ದವನಿಗೆ ಪದ ಹೇಗೋ ಒದಗುತ್ತದೆ. ಬಾಯಿಪಾಠವಾಗಿರಬೇಕಾದದ್ದು ಎರಡೇ ವಾಕ್ಯ, ಮೊದಲಿನದು ಮತ್ತು ಕೊನೆಯದು. ಮೊದಲಿನದು ಎದೆಬಡಿತ ಏರಿರುವ ಹೊತ್ತಿಗೆ ಬೇಕು: “ಸ್ವಾಮೀ, ಒಂದು ಕ್ಷಣ ನಿಲ್ಲಿ. ಆಗಷ್ಟೇ ನಿಮ್ಮ ಕೈಯ ಪೆಟ್ಟು ತಿಂದು ಓಡಿದವನ ಸ್ವರವೇ ಇದು? ಸೋತವನ ಸ್ವರ ಹೀಗಿರುತ್ತದೆಯೇ?” ಎಂಬಂತಹ ಗಿಡ್ಡ ವಾಕ್ಯಗಳು ಒಳ್ಳೆಯದು, ಏಕೆಂದರೆ ಉಸಿರು ಮೇಲಾಡುವಾಗ ಉದ್ದದ ವಾಕ್ಯ ನಡುವಿನಲ್ಲಿ ನಿಂತುಹೋಗುತ್ತದೆ. ಕೊನೆಯದು ಮುಂದಿನ ಪದ್ಯಕ್ಕೆ ಎಡೆಮಾಡಿಕೊಡುವ ವಾಕ್ಯ. ಅದನ್ನು ಭಾಗವತರಿಗೆ ಮೊದಲೇ ತಿಳಿಸಿಟ್ಟರೆ ನೀವು ಅಲ್ಲಿಗೆ ಬಂದ ಕೂಡಲೇ ಅವರು ಪದ್ಯ ಎತ್ತುತ್ತಾರೆ. ನಡುವಿನಲ್ಲಿ ಎಲ್ಲವೂ ಮರೆತರೂ ಆ ಒಂದು ವಾಕ್ಯ ಹೇಳಿ ಗೌರವದಿಂದ ಮುಗಿಸಬಹುದು ಎಂಬ ಭರವಸೆಯೇ ಅರ್ಧ ಭಯವನ್ನು ಕಡಿಮೆ ಮಾಡುತ್ತದೆ.

ವಾಲಿಯ ಅರ್ಥ ಹೇಳುವವರನ್ನು ಹಿಂದಿನ ದಿನವೇ ಕಂಡು ಏನು ಕೇಳಬಹುದೆಂದು ಮಾತನಾಡಿಕೊಳ್ಳುವುದರಲ್ಲಿ ಸಂಕೋಚ ಬೇಡ, ದೊಡ್ಡ ಕಲಾವಿದರೂ ಹಾಗೆ ಮಾಡುವುದುಂಟು. “ಹೆಣ್ಣಾದ ನಿನಗೆ ಯುದ್ಧದ ವಿಚಾರವೇಕೆ?” ಎಂಬ ಪ್ರಶ್ನೆ ಹೆಚ್ಚುಕಡಿಮೆ ಬಂದೇ ಬರುತ್ತದೆ. “ಯುದ್ಧವನ್ನು ನಾನು ಅರಿಯೆ, ನಿಮ್ಮನ್ನು ಅರಿತಿರುವುದರಿಂದ ಹೇಳಿದೆ” ಎಂಬಂತಹ ಒಂದು ಉತ್ತರ ಕೈಯಲ್ಲಿದ್ದರೆ ಉಳಿದ ಪ್ರಶ್ನೆಗಳಿಗೆ ಬಾಯಿ ತಾನಾಗಿ ತೆರೆಯುತ್ತದೆ.

ತಯಾರಿಯನ್ನು ಮನಸ್ಸಿನಲ್ಲಿ ಮಾಡಿದರೆ ಸಾಲದು, ಗಟ್ಟಿಯಾಗಿ ಹೇಳಬೇಕು. ತೋಟದಲ್ಲಿ ನೀರು ಬಿಡುವಾಗಲೋ ಅಡಿಕೆ ಸುಲಿಯುವಾಗಲೋ ಹೇಳಿ, ಪ್ರತಿ ಸಲವೂ ಬೇರೆ ಪದಗಳಲ್ಲಿ ಹೇಳಿ. ಮೊಬೈಲಿನಲ್ಲಿ ಧ್ವನಿಮುದ್ರಿಸಿ ಒಮ್ಮೆ ಕೇಳಿ. ತನ್ನದೇ ಸ್ವರ ಯಾರಿಗೂ ಹಿಡಿಸುವುದಿಲ್ಲ, ಅದನ್ನು ಲೆಕ್ಕಿಸಬೇಡಿ. ಎಲ್ಲಿ ಓಡುತ್ತೀರಿ, ವಾಕ್ಯದ ಕೊನೆ ಎಲ್ಲಿ ಕೇಳಿಸುವುದಿಲ್ಲ, ‘ಅಂದರೆ’, ‘ಹಾಗಾಗಿ’ ಎಷ್ಟು ಸಲ ಬರುತ್ತದೆ ಎಂಬುದನ್ನು ಮಾತ್ರ ಗಮನಿಸಿ. ಮೂರು ನಿಮಿಷಕ್ಕಿಂತ ಉದ್ದವಾಗುತ್ತಿದ್ದರೆ ಕತ್ತರಿಸಿ. ಹೊಸಬನ ಅರ್ಥ ಚಿಕ್ಕದಾಯಿತೆಂದು ದೂರಿದ ಕೇಳುಗರಿಲ್ಲ.

ಭಾಷೆಯ ಅಳುಕಿಗೆ ಮದ್ದು ಕಿವಿ. ಹಳೆಯ ಕೂಟಗಳ ಧ್ವನಿಮುದ್ರಣಗಳು ಈಗ ಯೂಟ್ಯೂಬಿನಲ್ಲಿ ಧಾರಾಳವಾಗಿ ಸಿಗುತ್ತವೆ. ದಿನಕ್ಕೆ ಅರ್ಧ ಗಂಟೆ ಕೇಳುತ್ತಾ ಬಂದರೆ ಆ ಕನ್ನಡದ ನಡೆ ತಿಂಗಳೆರಡರಲ್ಲಿ ನಾಲಗೆಗೆ ಇಳಿಯುತ್ತದೆ. ಆದರೆ ದೊಡ್ಡವರ ಶಬ್ದಾಡಂಬರವನ್ನು ಅನುಕರಿಸಲು ಹೋಗಬಾರದು. ಎರಡು ಸಂಸ್ಕೃತ ಸಮಾಸ ಹೆಚ್ಚು ಹೇಳುವ ಆಸೆಯಿಂದ ಸರಳವಾಗಿ ಬರುತ್ತಿದ್ದ ಮಾತೂ ನಿಂತುಹೋದವರು ಪ್ರತಿ ಊರಿನಲ್ಲಿದ್ದಾರೆ.

ಕೂಟದ ದಿನ

ಹೊಟ್ಟೆತುಂಬ ಉಂಡು ಬರಬೇಡಿ. ಪಕ್ಕದಲ್ಲಿ ಬಿಸಿನೀರು ಇರಲಿ. ನಿಮ್ಮ ಪದ್ಯ ಬರುವುದಕ್ಕೆ ಮುನ್ನ ಉಸಿರನ್ನು ಒಳಗೆ ಎಳೆದುಕೊಂಡದ್ದಕ್ಕಿಂತ ಹೆಚ್ಚು ಹೊತ್ತು ತೆಗೆದುಕೊಂಡು ನಿಧಾನವಾಗಿ ಹೊರಬಿಡಿ. ದೀರ್ಘ ನಿಶ್ವಾಸವು ಎದೆಬಡಿತವನ್ನು ತಗ್ಗಿಸುತ್ತದೆ. ಚೀಟಿಯನ್ನು ಕೈಯಲ್ಲಿ ಹಿಡಿದರೆ ನಡುಕ ಇಮ್ಮಡಿಯಾಗಿ ಕಾಣುತ್ತದೆ, ಅದನ್ನು ಮುಂದೆ ನೆಲದ ಮೇಲೋ ಮೇಜಿನ ಮೇಲೋ ಇಡಿ. ಪದ್ಯ ಮುಗಿದ ತಕ್ಷಣ ಮಾತಿಗೆ ಹಾರಬೇಡಿ. ಮದ್ದಳೆಯ ಕೊನೆಯ ಪೆಟ್ಟು ನಿಂತು, ಶ್ರುತಿ ಮಾತ್ರ ಉಳಿದಾಗ, ಆ ಶ್ರುತಿಗೆ ಹೊಂದುವ ಸ್ವರದಲ್ಲಿ ಶುರುಮಾಡಿದರೆ ಕಂಠ ಕೀರಲಾಗುವುದು ತಪ್ಪುತ್ತದೆ. ಕಣ್ಣು ಎದುರು ಅರ್ಥಧಾರಿಯ ಮೇಲಿರಲಿ, ಸಭೆಯನ್ನು ನೋಡಲೇಬೇಕೆಂಬ ಕಟ್ಟಳೆ ಇಲ್ಲಿಲ್ಲ. ಮಾತು ಸಿಕ್ಕಿಹಾಕಿಕೊಂಡರೆ ಪದ್ಯದ ಒಂದು ಪದವನ್ನೇ ಎತ್ತಿಕೊಂಡು ಮುಂದುವರಿಯಿರಿ.

ಮುಗಿದ ಮೇಲೆ “ಹೇಗಾಯಿತು?” ಎಂದು ಕೇಳಿದರೆ “ಲಾಯ್ಕಾಯಿತು” ಎಂಬ ಉತ್ತರವೇ ಬರುವುದು; ಅದರಿಂದ ಪ್ರಯೋಜನವಿಲ್ಲ. ಹಿಂದಿನ ಸಾಲಿನಲ್ಲಿ ಕುಳಿತ ಒಬ್ಬರನ್ನು ಹಿಡಿದು ಯಾವ ಮಾತು ಕೇಳಿಸಲಿಲ್ಲ, ಎಲ್ಲಿ ಅರ್ಥವಾಗಲಿಲ್ಲ ಎಂದು ಕೇಳಿ. ಮುಂದಿನ ವಾರಕ್ಕೆ ಅದೊಂದನ್ನೇ ತಿದ್ದಿಕೊಳ್ಳಿ.

ಪಾತ್ರದಿಂದ ಸ್ವಂತ ಹೆಸರಿಗೆ

ಹೀಗೆ ಒಂದು ಮಳೆಗಾಲ ಕಳೆದವರಿಗೆ ಅರ್ಥ ಹೇಳುವ ಭಯ ಬಹಳಷ್ಟು ಹೋಗಿರುತ್ತದೆ. ಆದರೆ ಭಾಷಣದ ಭಯ ಅದರೊಂದಿಗೇ ಹೋಗಿರುತ್ತದೆ ಎಂದು ತಿಳಿಯಬಾರದು. ರಾವಣನಾಗಿ ಗಂಟೆಗಟ್ಟಲೆ ಸಭೆಯನ್ನು ಹಿಡಿದಿಟ್ಟವರು ಎದ್ದು ನಿಂತು ಎರಡು ಮಾತು ಧನ್ಯವಾದ ಹೇಳಲು ತಡವರಿಸುವುದನ್ನು ನಮ್ಮಲ್ಲಿ ಎಲ್ಲರೂ ನೋಡಿರಬಹುದು. ಪಾತ್ರದ ಮರೆಯಿಂದ ಹೊರಗೆ ಬರುವ ಕೆಲಸವನ್ನು ಬೇರೆಯಾಗಿಯೇ ಮಾಡಬೇಕು, ಅದಕ್ಕೂ ಕೂಟವೇ ಒಳ್ಳೆಯ ಜಾಗ. ಕೂಟದ ಆರಂಭದಲ್ಲಿ ಕಲಾವಿದರ ಹೆಸರು ಮತ್ತು ಪಾತ್ರಗಳನ್ನು ಪ್ರಕಟಿಸುವ ಕೆಲಸ ಕೇಳಿ ತೆಗೆದುಕೊಳ್ಳಿ. ನಿಂತು, ನಿಮ್ಮ ಹೆಸರಿನಲ್ಲಿ, ಆದರೆ ಓದಿ ಹೇಳುವ ಕೆಲಸ ಅದು. ಅದು ರೂಢಿಯಾದ ಮೇಲೆ ಧನ್ಯವಾದ ಭಾಷಣ. ಅದರಲ್ಲಿ ದೊಡ್ಡ ಅಪಾಯ ಒಬ್ಬರ ಹೆಸರು ಬಿಟ್ಟುಹೋಗುವುದು, ಊರಿನಲ್ಲಿ ಅದರ ಮುನಿಸು ವರ್ಷಾನುಗಟ್ಟಲೆ ಉಳಿಯುತ್ತದೆ. ಹೆಸರುಗಳನ್ನು ಕ್ರಮವಾಗಿ ಬರೆದುಕೊಂಡು ಸಂಘಟಕರಿಗೆ ತೋರಿಸಿಯೇ ನಿಲ್ಲಿ.

ಕೇರಳದ ಗ್ರಂಥಾಲಯಗಳಲ್ಲಿ ಜೂನ್ 19ರಂದು ಗ್ರಂಥಾಲಯ ಚಳವಳಿಯ ಪಿ. ಎನ್. ಪಣಿಕ್ಕರ್ ಅವರ ನೆನಪಿನಲ್ಲಿ ವಾಚನ ದಿನ ನಡೆಯುತ್ತದೆ. ಓದಿದ ಪುಸ್ತಕವೊಂದರ ಬಗ್ಗೆ ಐದು ನಿಮಿಷ ಮಾತನಾಡುತ್ತೇನೆಂದು ಮುಂದಾದರೆ ಕನ್ನಡ ಭಾಗದ ಗ್ರಂಥಾಲಯದವರು ಸಂತೋಷದಿಂದಲೇ ಒಪ್ಪುತ್ತಾರೆ. ಮನೆಯಲ್ಲಿ ಶಾಲೆಗೆ ಹೋಗುವ ಮಕ್ಕಳಿದ್ದರೆ, ಕೇರಳದ ಶಾಲಾ ಕಲೋತ್ಸವದಲ್ಲಿ ಯಕ್ಷಗಾನವೂ ಕನ್ನಡ ಭಾಷಣ ಸ್ಪರ್ಧೆಯೂ ಇರುವುದರಿಂದ, ಅವರನ್ನು ತಯಾರು ಮಾಡುವ ನೆಪದಲ್ಲಿ ನಿಮಗೂ ಅಭ್ಯಾಸವಾಗುತ್ತದೆ.

ಆಮೇಲೆ ಕುಟುಂಬಶ್ರೀಯ ಅಯಲ್‌ಕೂಟ (ನೆರೆಹೊರೆಯ ಮಹಿಳೆಯರ ಸ್ವಸಹಾಯ ಗುಂಪು), ಶಾಲೆಯ ರಕ್ಷಕ ಶಿಕ್ಷಕ ಸಂಘ, ಗ್ರಾಮಸಭೆ. ಕೇರಳ ಪಂಚಾಯತ್ ರಾಜ್ ಕಾಯಿದೆಯಂತೆ ಪ್ರತಿ ವಾರ್ಡಿನ ಗ್ರಾಮಸಭೆ ಮೂರು ತಿಂಗಳಿಗೊಮ್ಮೆಯಾದರೂ ಸೇರಬೇಕು, ಆದ್ದರಿಂದ ಮಾತಿನ ಅವಕಾಶಕ್ಕೆ ಕೊರತೆಯಿಲ್ಲ. ಇಲ್ಲಿ ಎದುರು ಅರ್ಥಧಾರಿ ಇಲ್ಲ, ಪದ್ಯವಿಲ್ಲ. ಆದರೆ ತಾರೆಯ ಮೂರು ಅಂಶಗಳ ಚೀಟಿ ಹಾಗೆಯೇ ನಡೆಯುತ್ತದೆ. ಕಳೆದ ಮಳೆಗಾಲದಲ್ಲಿ ಅಂಗನವಾಡಿಯ ಒಳಗೆ ನೀರು ಬಂತು ಎಂಬುದು ಕಂಡದ್ದು. ಮೇಲಿನ ರಸ್ತೆಗೆ ಡಾಮರು ಹಾಕುವಾಗ ಮೋರಿ ಮುಚ್ಚಿಹೋದದ್ದು ಅದಕ್ಕೆ ಕಾರಣ ಎಂಬುದು ತಿಳಿದದ್ದು. ಈ ವರ್ಷದ ಯೋಜನೆಯಲ್ಲಿ ಮೋರಿಯ ಕೆಲಸವನ್ನು ಸೇರಿಸಬೇಕು ಎಂಬುದು ಕೇಳುವುದು. ಒಂದೂವರೆ ನಿಮಿಷದಲ್ಲಿ ಮುಗಿಯುವ ಮಾತಿದು, ಮುಗಿದ ಕೂಡಲೇ ಕುಳಿತುಬಿಡಬೇಕು.

ಮಲಯಾಳ ಸರಿಯಾಗಿ ಬಾರದೆಂದು ಗ್ರಾಮಸಭೆಯಲ್ಲಿ ಬಾಯಿ ಕಟ್ಟಿಕೊಂಡು ಕೂರುವವರು ನಮ್ಮಲ್ಲಿ ಬಹಳ. ಕನ್ನಡದಲ್ಲೇ ಹೇಳಿ; ಅಗತ್ಯವಿದ್ದರೆ ಕೊನೆಯ ಬೇಡಿಕೆಯೊಂದನ್ನು ಮಲಯಾಳದಲ್ಲಿ ಇನ್ನೊಮ್ಮೆ ಹೇಳಲು ಪಕ್ಕದವರಿಂದ ಕಲಿತಿಟ್ಟುಕೊಳ್ಳಿ. ದೂರನ್ನು ದೇಶದಲ್ಲಿ ಅಥವಾ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಾದರೂ ಬರೆದು ಅಧಿಕಾರಿಗೆ ಸಲ್ಲಿಸುವ ಹಕ್ಕನ್ನು ಸಂವಿಧಾನದ 350ನೆಯ ವಿಧಿ ಕೊಡುತ್ತದೆ. ಆದ್ದರಿಂದ ಹೇಳಿದ್ದನ್ನೇ ಕನ್ನಡದಲ್ಲಿ ಬರೆದ ಒಂದು ಪ್ರತಿಯನ್ನು ಜೊತೆಯಲ್ಲಿ ಒಯ್ದು ಕೊಡಿ, ಸಭೆ ಮುಗಿದು ಏಳುವ ಮುನ್ನ ವಿಷಯವನ್ನು ನಡಾವಳಿ ಪುಸ್ತಕದಲ್ಲಿ ಬರೆದುಕೊಂಡಿದ್ದಾರೆಯೇ ಎಂದು ವಾರ್ಡ್ ಸದಸ್ಯರನ್ನು ಕೇಳಿ ನೋಡಿಕೊಳ್ಳಿ.